ಅಟ್ಟದಿಂದ ಇಳಿದ ಚೆನ್ನೆಮಣೆ

ತೀರ್ಥಹಳ್ಳಿ ಸೀಮೆಯ ನಮ್ಮ ಹಳೆಯ ಮನೆಗೆ ಹಂಚು ಹೊದಿಸುವ ಮೊದಲು ಅಟ್ಟ ಖಾಲಿ ಮಾಡಬೇಕಾಯಿತು. ಗೋಣಿಯಲ್ಲಿ ಸುತ್ತಿಟ್ಟಿದ್ದ ಚೆನ್ನೆಮಣೆ, ಗುಳಿಗಳಿಗೆ ಬೀಜ ಹಂಚಿ ಆಡುವ ಆಟದ ಮಣೆ, ಸಿಕ್ಕಿದ್ದು ಆಗಲೇ. ಅಜ್ಜಿಗೆ ಅವರ ತಾಯಿ ಕೊಟ್ಟು ಕಳಿಸಿದ್ದ ಮಣೆಯದು. ಹಲಸಿನ ಮರದ ಒಂದೇ ತುಂಡು, ಎರಡು ಸಾಲಿನಲ್ಲಿ ಏಳೇಳರಂತೆ 14 ಗುಳಿ. ಆಷಾಢದ ಜಡಿಮಳೆಯ ಮಧ್ಯಾಹ್ನಗಳಲ್ಲಿ ಅಜ್ಜಿಯ ಎದುರು ಕುಳಿತು ನಾನು ಲೆಕ್ಕ ಕಲಿತದ್ದು ಇದರ ಮೇಲೆಯೇ.

ಒಂದು ಅಂಚಿಗೆ ಮರ ಕೊರೆಯುವ ಕುಟ್ಟೆ ಹುಳು ಹಿಡಿದಿತ್ತು. ಸೌದೆ ಒಲೆ ಉರಿಯುತ್ತಿದ್ದಷ್ಟು ಕಾಲ ಅಡುಗೆಮನೆಯ ಹೊಗೆ ಅಟ್ಟವನ್ನು ಒಣಗಿಸಿ ಹುಳುಗಳನ್ನು ದೂರವಿಡುತ್ತಿತ್ತು. ಗ್ಯಾಸ್ ಬಂದ ಮೇಲೆ ಆ ಕಾವಲು ತಪ್ಪಿತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ; ಅದರ ಆಸುಪಾಸಿನ ಮನೆಗಳಲ್ಲಿ ಮುಚ್ಚಿಟ್ಟ ಮರ ಬೂಸ್ಟು ಹಿಡಿಯದೆ ಉಳಿಯುವುದೇ ಕಷ್ಟ.

ನೀರು ಮುಟ್ಟಿಸಲಿಲ್ಲ. ನೆನೆದು ಉಬ್ಬಿದ ಹಳೆಯ ಮರ ಒಣಗುವಾಗ ಸೀಳುತ್ತದೆ. ಮೆತ್ತನೆಯ ಬ್ರಷ್‌ನಿಂದ ಧೂಳು, ಬೂಸ್ಟು ತೆಗೆದು ಗಾಳಿಯಾಡುವ ನೆರಳಿನಲ್ಲಿ ಒಣಗಿಸಿದೆ. ಆಮೇಲೆ ಕಪ್ಪು ಬಟ್ಟೆಯ ಮೇಲೆ ಇಟ್ಟು ಕಾದೆ. ಹುಳು ಒಳಗೆ ಜೀವಂತವಿದ್ದರೆ ಹೊಸ ಹುಡಿ ಉದುರಿ ಬಟ್ಟೆಯ ಮೇಲೆ ಎದ್ದು ಕಾಣುತ್ತದೆ. ವಾರಗಳು ಕಳೆದರೂ ಏನೂ ಉದುರಲಿಲ್ಲ. ತೂತುಗಳನ್ನು ಜೇನುಮೇಣ ಕರಗಿಸಿ ತುಂಬಿದೆ.

ನಮ್ಮೂರಿನ ಬಡಗಿ ಪ್ರೀತಿಯಿಂದಲೇ ಹೇಳಿದರು: “ಉಜ್ಜಿ ವಾರ್ನಿಷ್ ಹೊಡೆದುಬಿಡಿ ಅಕ್ಕಾ, ಹೊಸದರಂತೆ ಆಗುತ್ತದೆ.” ನಾನು ಒಪ್ಪಲಿಲ್ಲ. ಗುಳಿಗಳ ಒಳಗಿನ ಆ ನುಣುಪು ಮೂರು ತಲೆಮಾರಿನ ಹೆಂಗಸರ ಬೆರಳು ಮಾಡಿದ್ದು. ಉಪ್ಪುಕಾಗದಕ್ಕೆ ಅದನ್ನು ಒಪ್ಪಿಸಲಾರೆ. ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಒರೆಸಿದೆ, ಅಷ್ಟೇ. ಕೊಬ್ಬರಿ ಎಣ್ಣೆ ಒಣಗದೆ ಜಿಡ್ಡಾಗಿ ಉಳಿಯುತ್ತದೆ, ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ. ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಹರಡಿ ಒಣಗಿಸಬೇಕು.

ಗುಳಿಗೆ ನಾಲ್ಕರಂತೆ 56 ಬೀಜ ಬೇಕು. ಹಳೆಯ ಮಂಜಟ್ಟಿ ಬೀಜಗಳಲ್ಲಿ ಕೆಲವು ಕಳೆದಿದ್ದವು, ಮರದಡಿ ಹೊಸದನ್ನು ಆರಿಸಿ ತಂದೆವು. ಕಪ್ಪು ಚುಕ್ಕೆಯ ಗುಲಗಂಜಿಯನ್ನು ಮಾತ್ರ ಸೇರಿಸಲಿಲ್ಲ. ಅದು ಕಡುವಿಷ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಮೊದಲ ಆಟಕ್ಕೆ ಅಮ್ಮ ಮತ್ತು ನನ್ನ ಮಗಳು ಕುಳಿತರು. ಕೈಯಲ್ಲಿದ್ದ ಬೀಜ ಮುಗಿದಾಗ ಮುಂದಿನ ಗುಳಿಯದನ್ನು ಎತ್ತಿ ಹಂಚುತ್ತಾ ಹೋಗಬೇಕು. ಆ ಗುಳಿ ಬರಿದಾಗಿದ್ದರೆ ಅದರಾಚೆಯದು ಆಡುತ್ತಿರುವವರ ಪಾಲು. ಅಮ್ಮನ ಬೆರಳಿಗೆ ಇದೆಲ್ಲ ನೆನಪಿತ್ತು. ಆದರೆ ಎದುರು ಸಾಲಿನ ಗುಳಿಯೂ ಸೇರುತ್ತದೆ ಎಂದು ದೊಡ್ಡಮ್ಮ ಪಟ್ಟು ಹಿಡಿದರು. ಅಕ್ಕತಂಗಿಯರ ವಾದ ಇನ್ನೂ ಬಗೆಹರಿದಿಲ್ಲ. ಎರಡೂ ಕ್ರಮಗಳನ್ನು ಅವರ ಬಾಯಿಂದಲೇ ಕೇಳಿ ಬರೆದು, ಬೀಜದ ಚೀಲದಲ್ಲಿ ಇಟ್ಟಿದ್ದೇನೆ.