ವಿಂಚೆಸ್ಟರ್ 94ಕ್ಕೆ ಸ್ಕೋಪ್ ಕೂರಿಸಿದ ನನ್ನ ಅನುಭವ

ಮೂರು ವರ್ಷ ಹಟ ಹಿಡಿದು ನನ್ನ .30-30 ತೋಟಾದ ವಿಂಚೆಸ್ಟರ್ 94 ಕೋವಿಗೆ ಕೊನೆಗೂ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಿದ್ದೇನೆ. ಪೆನ್ಸಿಲ್ವೇನಿಯಾದ ನಮ್ಮ ಬೇಟೆಯ ಬಳಗದಲ್ಲಿ "ಆ ಕೋವಿಗೆ ಸ್ಕೋಪ್ ಒಗ್ಗುವುದಿಲ್ಲ, ದುಡ್ಡು ದಂಡ" ಎನ್ನದವರೇ ಇರಲಿಲ್ಲ. ಕಳೆದ ಸೀಸನ್ನಿನಲ್ಲಿ 90 ಗಜ ದೂರದ ಜಿಂಕೆ ಒಂದೇ ಗುಂಡಿಗೆ ಬಿದ್ದ ಮೇಲೆ ಅವರಲ್ಲೇ ಇಬ್ಬರು ಬಂದು ಅಳತೆ ಬರೆದುಕೊಂಡು ಹೋದರು.

ಕೋವಿ 1970ರ ದಶಕದ್ದು. ಸಂಗ್ರಹಕಾರರು ಹುಡುಕುವ, 1964ಕ್ಕೆ ಮೊದಲಿನದಾಗಿದ್ದರೆ ಡ್ರಿಲ್ ಮುಟ್ಟಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ. ಖಾಲಿ ತೋಟಾ ನೇರ ಮೇಲಕ್ಕೆ ಹಾರುವುದರಿಂದ ಸ್ಕೋಪನ್ನು ಅದರ ದಾರಿಗೆ ಅಡ್ಡ ಇಡುವಂತಿಲ್ಲ, ಮೊದಲು ಎಡಪಕ್ಕದ ಮೌಂಟ್ (ಸ್ಕೋಪ್ ಹಿಡಿಯುವ ಆಧಾರ) ಹಾಕಿಸಿದೆ. ಸುಮಾರು 70 ಡಾಲರ್ ಹೋಯಿತು. ಕೆನ್ನೆ ಕೋವಿಯ ಹಿಂಬದಿಯ ಮರದ ಹಿಡಿಯ ಮೇಲೆ ನಿಲ್ಲಲೇ ಇಲ್ಲ. 100 ಗಜಕ್ಕೆ ಗುರಿ ಹೊಂದಿಸಿದರೆ 40 ಗಜದಲ್ಲಿ ಗುಂಡು ಅರ್ಧ ಇಂಚಿಗೂ ಹೆಚ್ಚು ಬಲಕ್ಕೆ ಬೀಳುತ್ತಿತ್ತು. ಸ್ಕೋಪಿನ ಹಿಂಬದಿ ಹ್ಯಾಮರ್ (ಗುಂಡು ಹಾರಿಸುವ ಮೊದಲು ಹೆಬ್ಬೆರಳಿನಿಂದ ಹಿಂದಕ್ಕೆಳೆಯುವ ಸುತ್ತಿಗೆ) ಪಕ್ಕಕ್ಕೇ ಬಂದು ಕೈಗವಸಿನ ಹೆಬ್ಬೆರಳಿಗೆ ಜಾಗವೇ ಉಳಿಯಲಿಲ್ಲ. ಹೆಬ್ಬೆರಳಿಗೆ ಹಿಡಿತ ಸಿಗಲೆಂದು ಹ್ಯಾಮರ್‌ಗೆ ಪಕ್ಕಕ್ಕೆ ಚಾಚುವ ಕೊಂಬು ಸಿಕ್ಕಿಸಿದೆ. ಅದರ ಸ್ಕ್ರೂ ಚಳಿಯಲ್ಲಿ ಸಡಿಲವಾಯಿತು. ತೋಟಾ ಒಳಗಿರುವಾಗಲೇ ಹ್ಯಾಮರ್ ಇಳಿಸುತ್ತಿದ್ದೆ, ಕೊಂಬು ತಿರುಗಿ ಹೆಬ್ಬೆರಳು ಜಾರಿತು. ಅಷ್ಟರಲ್ಲಿ ಟ್ರಿಗರ್ ಬಿಟ್ಟಿದ್ದರಿಂದ ಹ್ಯಾಮರ್ ಅರ್ಧದಲ್ಲೇ ಹಿಡಿದು ನಿಂತಿತು. ನಳಿಗೆ ನೆಲದ ಕಡೆಗಿತ್ತು, ಆದರೂ ಮೈ ನಡುಗಿತು. ಇನ್ನು ಹ್ಯಾಮರ್ ಹಾಗೇ ಇರಲಿ, ಸ್ಕೋಪನ್ನೇ ಮುಂದೆ ಕಳಿಸುತ್ತೇನೆ ಎಂದು ಅಂದೇ ನಿರ್ಧರಿಸಿದೆ.

ರಿಸೀವರ್‌ಗಿಂತ (ತೋಟಾ ಒಳಹೋಗಿ ಹೊರಬರುವ ನಡುಭಾಗ) ಮುಂದೆ, ನಳಿಗೆಯ ಮೇಲೆ ಬೇಸ್ (ಸ್ಕೋಪ್ ಕೂರುವ ತಳಪಟ್ಟಿ) ಕೂರಿಸಲು ಗನ್‌ಸ್ಮಿತ್ 90 ಡಾಲರ್ ತೆಗೆದುಕೊಂಡ. ಅಲ್ಲಿ ಮೊದಲು ಅಗ್ಗದ ಪಿಸ್ತೂಲ್ ಸ್ಕೋಪ್ ಇಟ್ಟು ಮತ್ತೆ ಕೆಟ್ಟೆ. ಅದಕ್ಕೆ ಕಣ್ಣು ಇನ್ನೂ ದೂರ ಇರಬೇಕು, ಚಿತ್ರ ಬೊಟ್ಟಿನಷ್ಟು ಕಾಣುತ್ತಿತ್ತು. ಅರ್ಧ ಬೆಲೆಗೆ ಮಾರಿದೆ. ಆಮೇಲೆ ಕಣ್ಣಿಗೆ ಒಂಬತ್ತು ಹತ್ತು ಇಂಚು ದೂರ ಬಿಡುವ, 2.75 ಪಟ್ಟು ದೊಡ್ಡದಾಗಿ ತೋರಿಸುವ ಸ್ಕೌಟ್ ಸ್ಕೋಪ್ ಕೊಂಡೆ. ಅದಕ್ಕೆ 280 ಡಾಲರ್ ಆಸುಪಾಸು. ಒಟ್ಟು ಲೆಕ್ಕ ಕೋವಿಯ ಬೆಲೆಯನ್ನೂ ದಾಟಿತು. ಈಗ ಹ್ಯಾಮರ್ ಪೂರ್ತಿ ಬಯಲು, ತೋಟಾ ಹಾರಲು ದಾರಿ ಸಲೀಸು. ಎರಡೂ ಕಣ್ಣು ತೆರೆದು ಗುರಿ ನೋಡಬೇಕಾದದ್ದು ನನಗೆ ಹೊಸದೇನಲ್ಲ. ಕೊಡಗಿನಲ್ಲಿ ಕೈಲು ಮುಹೂರ್ತದ ದಿನ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯಲು ಅಪ್ಪ ಕಲಿಸಿದ್ದೇ ಹಾಗೆ.

ಬಿಸಿಲು ಬೆನ್ನ ಹಿಂದಿದ್ದರೆ ಗಾಜು ಹೊಳೆದು ಏನೂ ಕಾಣುವುದಿಲ್ಲ ಎಂದು ಹೆದರಿಸಿದವರ ಮಾತು ನಿಜ. ಸೈಕಲ್ ಟ್ಯೂಬಿನ ತುಂಡನ್ನು ಹಿಂಬದಿಗೆ ತೊಡಿಸಿ ನೋಡಿದೆ, ಮುಕ್ಕಾಲು ಪಾಲು ಸರಿಹೋಯಿತು. ತೋಟಾಗಳನ್ನೂ ಬದಲಿಸಿ ನೋಡಿದೆ: 150 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡುಗಳು ಗುರಿಹಲಗೆಯ ಮೇಲೆ ನಾಲ್ಕು ಇಂಚಿಗೆ ಹರಡಿದರೆ 170 ಗ್ರೇನ್‌ನವು ಎರಡೂವರೆಗೆ ಬಂದವು. ನಳಿಗೆ ಬಿಸಿಯಾದರೂ ಬೇಸ್ ಅಲುಗದಂತೆ ಅದರ ಅಡಿಗೆ ನಾನು ಏನು ಹಾಕಿದ್ದೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ, ಅದಕ್ಕೆ ಒಂದಿಡೀ ಚಳಿಗಾಲ ಖರ್ಚಾಗಿದೆ.

ಈಗ ಗೆಳೆಯನ ಮಾರ್ಲಿನ್ 336 ನನ್ನ ಮೇಜಿನ ಮೇಲಿದೆ. ಅದರ ತೋಟಾ ಪಕ್ಕಕ್ಕೆ ಹಾರುವುದರಿಂದ ಸ್ಕೋಪ್ ಮೇಲೆಯೇ ಇರಲಿ, ಹ್ಯಾಮರ್‌ಗೆ ಕೊಂಬೇ ಸಾಕು ಎಂಬುದು ಅವನ ವಾದ. ಕೊಂಬಿನ ಸ್ಕ್ರೂವನ್ನು ಮೊನ್ನೆ ಬಿಚ್ಚಿ ತೋರಿಸಿದೆ, ಅರ್ಧ ಸುತ್ತು ಆಗಲೇ ಸಡಿಲವಾಗಿತ್ತು.