ಯುಟಿಲಿಟಿಗೆ ಮಿತಿ ಬೇಕಾ? ಪೆನ್ನು ಹಿಡಿದು ನೋಡಿ

ಉಡುಪಿಯಲ್ಲಿ ಬಿ.ಎ. ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸುವವಳು ನಾನು. ಯುಟಿಲಿಟಿ ಫಂಕ್ಷನ್‌ಗೆ (ಹಣ ಕೊಡುವ ತೃಪ್ತಿಯನ್ನು ಅಂಕಿಯಲ್ಲಿ ಅಳೆಯುವ ಸೂತ್ರಕ್ಕೆ) ಮಿತಿ ಇರಲೇಬೇಕಾ ಎಂದು ಯಾರಾದರೂ ಕೇಳಿದರೆ ಮೊದಲು ನಾಣ್ಯ ಚಿಮ್ಮಿಸಲು ಹೇಳುತ್ತೇನೆ.

ಮೊದಲ ಸಲವೇ ಹೆಡ್ ಬಿದ್ದರೆ 1 ರೂಪಾಯಿ. ಎರಡನೇ ಸಲಕ್ಕೆ ಬಿದ್ದರೆ 2, ಮೂರನೇದಕ್ಕೆ 4. ಹೀಗೇ ಡಬಲ್. ಪಟ್ಟಿ ಬರೆಯಿರಿ. ಬಹುಮಾನ ಡಬಲ್ ಆದ ಹಾಗೆ ಸಾಧ್ಯತೆ ಅರ್ಧಕ್ಕಿಳಿಯುತ್ತದೆ, ಹಾಗಾಗಿ ಪ್ರತಿ ಸಾಲಿಗೂ 50 ಪೈಸೆ. ಕೂಡಿಸಿದರೆ ಮೊತ್ತಕ್ಕೆ ಕೊನೆಯೇ ಇಲ್ಲ. ಆದರೂ ಈ ಆಟಕ್ಕೆ ಎಷ್ಟು ಕೊಡ್ತೀರಿ ಅಂದರೆ ನಮ್ಮ ಮಲ್ಪೆ ಹುಡುಗರು 20 ರೂಪಾಯಿ ದಾಟುವುದಿಲ್ಲ. ಗಣಿತಜ್ಞ ನಿಕೊಲಾಸ್ ಬರ್ನೂಲಿ 1713ರಲ್ಲಿ ಎತ್ತಿದ ಒಗಟಿನ ಸರಳ ರೂಪ ಇದು.

ಈಗ ರೂಪಾಯಿ ಬದಲು ಅದರ ಲಾಗ್ (ಲಾಗರಿದಮ್) ಹಾಕಿ, ಹಣ ಡಬಲ್ ಆದಾಗಲೆಲ್ಲ ಅದು ಒಂದೇ ಅಳತೆಯಷ್ಟು ಏರುತ್ತದೆ. 1738ರಲ್ಲಿ ಡೇನಿಯಲ್ ಬರ್ನೂಲಿ ಹಿಡಿದ ದಾರಿ ಇದು. ನಿಮ್ಮ ಸ್ವಂತ ಹಣ ಲೆಕ್ಕಕ್ಕೆ ಹಿಡಿಯದಿದ್ದರೆ ಆಟದ ಬೆಲೆ, ಅಂದರೆ ಆಟದಷ್ಟೇ ತೃಪ್ತಿ ಕೊಡುವ ಖಚಿತ ಮೊತ್ತ, 2 ರೂಪಾಯಿ.

ಮುಗೀತು ಅಂದ್ಕೊಂಡ್ರಾ? ಬಹುಮಾನಗಳನ್ನು 2, 4, 16, 256, 65,536 ಮಾಡಿ. ಒಂದೊಂದೂ ಹಿಂದಿನದರ ವರ್ಗ. 2ರ ಆಧಾರದಲ್ಲಿ ಲಾಗ್ ತೆಗೆದರೆ 1, 2, 4, 8, 16. ಮತ್ತೆ ಕೊನೆಯಿಲ್ಲದ ಮೊತ್ತ! ಮೇಲ್ಮಿತಿ ಇಲ್ಲದ ಯಾವ ಯುಟಿಲಿಟಿಗೂ ಇಂಥ ಆಟ ಕಟ್ಟಬಹುದು ಎಂದು 1934ರಲ್ಲಿ ಹೇಳಿದವರು ಕಾರ್ಲ್ ಮೆಂಗರ್. ಗೇಬ್ರಿಯಲ್ ಕ್ರಾಮರ್ 1728ರಲ್ಲೇ ಮಿತಿ ಹಾಕಿ ನೋಡಿದ್ದರು. 2ರ 24ನೇ ಘಾತ, ಅಂದರೆ 1,67,77,216 ದಾಟಿದ ಮೇಲೆ ಎಲ್ಲ ಒಂದೇ ಎಂದಿಟ್ಟುಕೊಂಡರೆ ಮೊದಲ ಆಟದ ಬೆಲೆ 13. ನನಗೆ ಇದು ಲಾಗ್‌ಗಿಂತ ಪ್ರಾಮಾಣಿಕ ಅನ್ನಿಸುತ್ತದೆ.

ಕೆಳಗಿನ ತುದಿಯನ್ನೂ ನೋಡಿ, ಜಾಸ್ತಿ ಜನ ಮರೆಯುವುದು ಅದನ್ನೇ. ಹಣ ಸೊನ್ನೆಗಿಳಿದರೆ ಲಾಗ್ ತಳವಿಲ್ಲದೆ ಕುಸಿಯುತ್ತದೆ. ಹಾಗಿದ್ದರೆ ಇದ್ದದ್ದೆಲ್ಲ ಬೋಟಿಗೆ ಸುರಿದವನು, ಎಲ್ಲ ಕಳೆದುಕೊಳ್ಳುವ ಸಾಧ್ಯತೆ ಕೋಟಿಗೊಂದು ಇದ್ದರೂ ಕಡಲಿಗೆ ಇಳಿಯಬಾರದು. ಇಳಿಯುತ್ತಾನೆ, ಅಲ್ವಾ?

ಕೊನೆಗೆ, ನೀವು ಒಪ್ಪುವ ಆಟಗಳ ಪಟ್ಟಿಯಲ್ಲಿ ಯಾವ ಆಟಗಳಿಗೆ ಜಾಗ ಇದೆ ಎಂದು ಬರೆದಿಡಿ. ಬಹುಮಾನಗಳ ಸಾಲು ಎಲ್ಲೋ ಒಂದು ಕಡೆ ಮುಗಿಯುವ ಆಟಗಳು ಮಾತ್ರವಾದರೆ, ಸರಿಯಾದ ಆಯ್ಕೆ ಹೇಗಿರಬೇಕು ಎಂದು ಹೇಳುವ ಫಾನ್ ನಾಯ್ಮನ್ ಮತ್ತು ಮಾರ್ಗನ್‌ಸ್ಟರ್ನ್ ಅವರ ನಿಯಮಗಳಿಗೆ ಮಿತಿ ಬೇಕಿಲ್ಲ. ಸಂಖ್ಯಾಶಾಸ್ತ್ರಜ್ಞ ಸ್ಯಾವೇಜ್ 1954ರಲ್ಲಿ ಕೊಟ್ಟ ಇಂಥದೇ ನಿಯಮಗಳನ್ನೆಲ್ಲ ಒಪ್ಪಿದರೆ ಮಿತಿ ತಾನಾಗಿ ಬರುತ್ತದೆ. ಫಿಶ್‌ಬರ್ನ್ 1970ರಲ್ಲಿ ಅದನ್ನು ತೋರಿಸಿದ್ದಾರೆ. ಪರೀಕ್ಷೆಯಲ್ಲಿ ಸುಮ್ನೆ "ಇರಲೇಬೇಕು" ಎಂದು ಬರೆದವರಿಗೆ ನಾನು ಪಕ್ಕದಲ್ಲಿ "ಯಾವ ಪಟ್ಟಿಗೆ?" ಎಂದು ಗೀಚಿ ಅರ್ಧ ಅಂಕ ಕೊಡುತ್ತೇನೆ.