ರಿಟೈರ್ ಆದ ಮೇಲೆ ಬೆಳಗ್ಗೆ ಒಂಬತ್ತೂವರೆಗೆ ಏನು ಮಾಡುವುದು?

ಶಿವಮೊಗ್ಗದ ಬೀದಿಗಳಿಗೆ ಬೆಳಗ್ಗೆ ಒಂಬತ್ತೂವರೆಗೆ ಒಂದು ಅವಸರ ಬರುತ್ತದೆ. ಸ್ಕೂಟರ್‌ಗಳು ಸ್ಟಾರ್ಟ್ ಆಗುತ್ತವೆ. ಊಟದ ಡಬ್ಬಿ ಮರೆತವರು ವಾಪಸ್ ಓಡಿಬರುತ್ತಾರೆ. ಗೋಪಿ ಸರ್ಕಲ್ ಕಡೆ ಹೋಗುವ ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರಾಗಿ ಮೂವತ್ತು ವರ್ಷಕ್ಕೂ ಜಾಸ್ತಿ ನಾನು ಆ ಅವಸರದೊಳಗೇ ಇದ್ದೆ. ನಿವೃತ್ತಿಯ ಮರುದಿನ ಅದೇ ಹೊತ್ತಿಗೆ ಮನೆಯ ಜಗಲಿಯಲ್ಲಿ ನಿಂತಿದ್ದೆ. ಹತ್ತು ನಿಮಿಷದಲ್ಲಿ ಬೀದಿ ಖಾಲಿಯಾಯಿತು. ಆಗ ಹೊಟ್ಟೆಯೊಳಗೆ ಎದ್ದ ಸಂಕಟಕ್ಕೆ ನಾನು ತಯಾರಾಗಿರಲಿಲ್ಲ.

ಪಿಂಚಣಿಯ ಲೆಕ್ಕ ಹೇಳಿಕೊಡಲು ಹತ್ತು ಜನ ಸಿಕ್ಕಿದ್ದರು. ಈ ಹೊತ್ತಿನ ಬಗ್ಗೆ ಯಾರೂ ಹೇಳಿರಲಿಲ್ಲ. ನಿವೃತ್ತರಿಗೆ ಬಿಡುವು ಬೇಕಾದಷ್ಟು ಸಿಗುತ್ತದೆ. "ನಿನ್ನೆ ಯಾಕೆ ಬರ್ಲಿಲ್ಲ?" ಎಂದು ಕೇಳುವವರು ಮಾತ್ರ ಇಲ್ಲವಾಗುತ್ತಾರೆ. ಅವರನ್ನು ಮತ್ತೆ ಹುಡುಕಿಕೊಳ್ಳುವುದು ಹೇಗೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅದಕ್ಕೆ ಮೊದಲು ಕಾಗದಪತ್ರದ ಕೆಲಸ ಮುಗಿಸಿಬಿಡೋಣ.

ಒಂದು ವರ್ಷ ಮೊದಲೇ: ಕಾಗದಪತ್ರ

ರಾಜ್ಯ ಸರ್ಕಾರಿ ನೌಕರರಿಗೆ 60 ವರ್ಷ ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. 1ನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಗೇ. ಶಾಲೆಗೆ ಸೇರುವಾಗ ಮೇಷ್ಟ್ರ ಕೈಲಿ ಹುಟ್ಟಿದ ತಾರೀಖು ಜೂನ್ 1 ಎಂದು ಬರೆಸಿಕೊಂಡವರು ನಮ್ಮ ಕಡೆ ಬಹಳ ಜನ ಇದ್ದಾರಲ್ವಾ? ಅವರೆಲ್ಲ ಮೇ 31ಕ್ಕೆ ಹೊರಬರುತ್ತಾರೆ. ಆ ದಿನದಿಂದ ಹಿಂದಕ್ಕೆ ಒಂದು ವರ್ಷ ಎಣಿಸಿ ಕೆಲಸ ಶುರು ಮಾಡಿ.

ಮೊದಲು ಸೇವಾ ಪುಸ್ತಕ ತೆಗೆಸಿ ಪುಟ ಪುಟವನ್ನೂ ನೋಡಿ. ನಿಮ್ಮ ಹೆಸರು, ಇನಿಷಿಯಲ್, ಹುಟ್ಟಿದ ತಾರೀಖು ಅಲ್ಲಿ ಇದ್ದ ಹಾಗೆಯೇ ಆಧಾರ್, ಪ್ಯಾನ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನಲ್ಲೂ ಇರಬೇಕು. ಹೆಂಡತಿಯ ಅಥವಾ ಗಂಡನ ಹೆಸರನ್ನೂ ಹೀಗೇ ನೋಡಿ. ಮುಂದೆ ಕುಟುಂಬ ಪಿಂಚಣಿ ಬೇಕಾದಾಗ ಓಡಾಡುವ ಕಷ್ಟ ಅವರಿಗೇ ಬರುತ್ತದೆ. ನನ್ನ ಹೆಂಡತಿಯ ಹೆಸರಿನ ಒಂದು ಅಕ್ಷರ ಬೇರೆಯಾಗಿದ್ದಕ್ಕೆ ಫೈಲು ಒಂದು ಕಚೇರಿಯಲ್ಲಿ ಮೂರು ತಿಂಗಳು ಕೂತಿತ್ತು. ಜಿಪಿಎಫ್ (ಭವಿಷ್ಯ ನಿಧಿ), ಕೆಜಿಐಡಿ (ಸರ್ಕಾರಿ ವಿಮೆ), ಗಳಿಕೆ ರಜೆಯ ಲೆಕ್ಕ, ನಾಮಿನಿ ಎಲ್ಲವನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆದು, ಆ ನೋಟ್‌ಬುಕ್ ಎಲ್ಲಿದೆ ಎಂದು ಮನೆಯವರಿಗೆ ತೋರಿಸಿ.

2006ರ ಏಪ್ರಿಲ್ 1ರಿಂದ ಈಚೆಗೆ ಕೆಲಸಕ್ಕೆ ಸೇರಿದವರು ಹೊಸ ಪಿಂಚಣಿ ಯೋಜನೆಗೆ (ಎನ್‌ಪಿಎಸ್) ಬರುತ್ತಾರೆ. ಅವರ ಲೆಕ್ಕ ಬೇರೆ. ಕಾರ್ಖಾನೆ, ಖಾಸಗಿ ಕಂಪನಿಗಳಲ್ಲಿ ದುಡಿದವರಿಗೆ ಪಿಎಫ್ ಕಚೇರಿಯ ಪಿಂಚಣಿ 58ಕ್ಕೆ ಶುರುವಾಗುತ್ತದೆ. ಅದರ ಕನಿಷ್ಠ ಮೊತ್ತವನ್ನು 2014ರಲ್ಲಿ ತಿಂಗಳಿಗೆ 1000 ರೂಪಾಯಿ ಎಂದು ನಿಗದಿ ಮಾಡಿದರು. ಜೀವನಪೂರ್ತಿ ಬೆವರು ಸುರಿಸಿದವರಿಗೆ ಇದು ಏನೇನೂ ಸಾಲದು. ಈ ಮಾತನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಗಂಟು ಬಂದ ಮೇಲೆ ಆರು ತಿಂಗಳು ಸುಮ್ಮನಿರಿ

ಗ್ರಾಚ್ಯುಟಿ, ರಜೆಯ ಹಣ, ಪಿಂಚಣಿ ಪರಿವರ್ತನೆಯ ಹಣ ಎಲ್ಲವೂ ಹೆಚ್ಚು ಕಡಿಮೆ ಒಟ್ಟಿಗೇ ಬರುತ್ತವೆ. ಅಷ್ಟು ದೊಡ್ಡ ಮೊತ್ತವನ್ನು ನಮ್ಮಲ್ಲಿ ಹೆಚ್ಚಿನವರು ಹಿಂದೆಂದೂ ನೋಡಿರುವುದಿಲ್ಲ. ಸುದ್ದಿ ಹೇಗೋ ಹರಡುತ್ತದೆ. ಸೈಟು ತೋರಿಸುವವರು ಬರುತ್ತಾರೆ. ಮಹಡಿ ಕಟ್ಟಿಸಿ ಅನ್ನುತ್ತಾರೆ. ಬಡ್ಡಿ ಜಾಸ್ತಿ ಕೊಡುತ್ತೇವೆ ಎಂದು ಫೈನಾನ್ಸ್‌ನವರು ಕಾಫಿ ಕುಡಿದು ಹೋಗುತ್ತಾರೆ. ಸ್ವಂತದವರಿಗೆ ಇಲ್ಲ ಅನ್ನುವುದಂತೂ ಇನ್ನೂ ಕಷ್ಟ. ನಾನು ಒಂದು ಮಾತು ಇಟ್ಟುಕೊಂಡಿದ್ದೆ: "ಈ ಮಳೆಗಾಲ ಕಳೀಲಿ, ಆಮೇಲೆ ಮಾತಾಡೋಣ." ಮಳೆಗಾಲ ಕಳೆಯುವಷ್ಟರಲ್ಲಿ ಅರ್ಧ ಜನ ಬೇರೆ ದಾರಿ ನೋಡಿಕೊಂಡಿದ್ದರು. ನಿಜವಾಗಿ ಕಷ್ಟದಲ್ಲಿದ್ದವರು ಯಾರು ಎಂದೂ ಅಷ್ಟರಲ್ಲಿ ಗೊತ್ತಾಯಿತು.

ಅಲ್ಲಿಯವರೆಗೆ ಹಣ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇರಲಿ. 60 ದಾಟಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. ಒಬ್ಬರು 30 ಲಕ್ಷದವರೆಗೆ ಇಡಬಹುದು, ಅವಧಿ 5 ವರ್ಷ, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ. ಪಿಂಚಣಿ ಪರಿವರ್ತನೆಯ ವಿಷಯದಲ್ಲಿ ಅವಸರ ಬೇಡ. ಪಿಂಚಣಿಯ ಮೂರನೇ ಒಂದು ಭಾಗದವರೆಗೆ ಮುಂಗಡವಾಗಿ ಪಡೆಯಬಹುದು. ಆದರೆ ಆ ಭಾಗ 15 ವರ್ಷ ಪ್ರತಿ ತಿಂಗಳೂ ಪಿಂಚಣಿಯಲ್ಲಿ ಕಡಿತ ಆಗುತ್ತದೆ. ಸಾಲ ತೀರಿಸುವಂಥ ನಿಜವಾದ ಅಗತ್ಯ ಇದ್ದರೆ ತೆಗೆದುಕೊಳ್ಳಿ. ಎಲ್ಲರೂ ತೆಗೆದುಕೊಳ್ಳುತ್ತಾರೆ ಎಂದು ತೆಗೆದುಕೊಳ್ಳಬೇಡಿ.

"ಖಜಾನೆಯಿಂದ ಮಾತಾಡ್ತಿದೀವಿ, ಪಿಂಚಣಿ ನಿಂತುಹೋಗುತ್ತೆ, ಓಟಿಪಿ ಹೇಳಿ" ಎಂದು ಫೋನ್ ಬಂದರೆ ಕೂಡಲೇ ಇಟ್ಟುಬಿಡಿ. ಮೋಸ ಆಗಿಯೇ ಹೋದರೆ ನಾಚಿಕೆಪಡದೆ ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ಹಣ ಕೈತಪ್ಪುತ್ತದೆ.

ಆ ಒಂಬತ್ತೂವರೆ

ಏಳುವ ಹೊತ್ತನ್ನು ಬದಲಿಸಬೇಡಿ. ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಒಂಬತ್ತೂವರೆಗೆ ಮನೆಯಿಂದ ಹೊರಗೆ ಬನ್ನಿ. ಎಲ್ಲಿಗೆ ಎನ್ನುವುದು ಮೊದಲ ತಿಂಗಳು ಮುಖ್ಯವಲ್ಲ. ಗಾಂಧಿ ಪಾರ್ಕಿಗೆ ಹೋಗಿ, ಗ್ರಂಥಾಲಯದಲ್ಲಿ ಪೇಪರ್ ಓದಿ, ತುಂಗೆಯ ದಡದಲ್ಲಿ ಅರ್ಧ ಗಂಟೆ ಕೂತು ಬನ್ನಿ. ದೇಹ ಮೂವತ್ತು ವರ್ಷದಿಂದ ಆ ಹೊತ್ತಿಗೆ ಹೊಸಿಲು ದಾಟಿ ಅಭ್ಯಾಸವಾಗಿದೆ. ಅದನ್ನು ಒಮ್ಮೆಲೇ ಕುರ್ಚಿಯಲ್ಲಿ ಕೂರಿಸಿದರೆ ಮನಸ್ಸು ಕೆಡುತ್ತದೆ.

ಒಂದು ಎಚ್ಚರಿಕೆ. ಕಾಲು ತಾನಾಗಿಯೇ ಹಳೆಯ ಶಾಲೆಯ, ಕಚೇರಿಯ ಕಡೆ ತಿರುಗುತ್ತದೆ. ಮೊದಲ ಮೂರು ತಿಂಗಳು ಅಲ್ಲಿಗೆ ಹೋಗಬೇಡಿ. ನಾನು ಎರಡನೇ ವಾರವೇ ಹೋಗಿದ್ದೆ. ಎಲ್ಲರೂ ಎದ್ದು ನಿಂತರು, ಕಾಫಿ ತರಿಸಿದರು. ಆಮೇಲೆ ಗಂಟೆ ಹೊಡೆಯಿತು. ಅವರೆಲ್ಲ ಕ್ಲಾಸಿಗೆ ಹೋದರು, ನಾನು ಸ್ಟಾಫ್ ರೂಮಿನಲ್ಲಿ ಒಬ್ಬನೇ ಉಳಿದೆ. ಮನೆಗೆ ಬಂದು ಮಧ್ಯಾಹ್ನ ಊಟ ಸೇರಲಿಲ್ಲ.

ಮಲೆನಾಡಿನವರು ಮಳೆಗಾಲಕ್ಕೆ ಬೇರೆಯೇ ಏರ್ಪಾಡು ಮಾಡಿಕೊಳ್ಳಬೇಕು. ಪುನರ್ವಸು, ಪುಷ್ಯ ಮಳೆ ಹಿಡಿದರೆ ತೀರ್ಥಹಳ್ಳಿ, ಹೊಸನಗರದ ಕಡೆ ವಾರಗಟ್ಟಲೆ ಬಿಸಿಲೇ ಕಾಣುವುದಿಲ್ಲ. ವಾಕಿಂಗ್ ಒಂದನ್ನೇ ನಂಬಿದವರು ಜುಲೈ ತಿಂಗಳಲ್ಲಿ ಕುಸಿದುಹೋಗುತ್ತಾರೆ. ಸೂರಿನ ಕೆಳಗೆ ಮಾಡುವ ಒಂದು ಕೆಲಸ ಬೇಸಿಗೆಯಲ್ಲೇ ಗೊತ್ತು ಮಾಡಿಕೊಂಡಿರಿ.

ಮನೆಯಲ್ಲಿ ನಿಮಗಿಂತ ಮೊದಲೇ ಒಬ್ಬರಿದ್ದಾರೆ

ನಿವೃತ್ತಿಯಾದ ಹದಿನೈದು ದಿನಕ್ಕೆ ನನ್ನ ಹೆಂಡತಿ ಒಂದು ಮಾತು ಹೇಳಿದಳು. "ಹನ್ನೊಂದು ಗಂಟೆಗೆ ಒಂದು ಲೋಟ ಕಾಫಿ ಮಾಡ್ಕೊಂಡು ಅರ್ಧ ಗಂಟೆ ಸುಮ್ನೆ ಕೂರ್ತಿದ್ದೆ ಕಣ್ರೀ. ಅದೊಂದು ನಂದು ಅಂತ ಇತ್ತು. ಈಗ ಅದೂ ಹೋಯ್ತು." ಆ ಹೊತ್ತಿಗೆ ನಾನು ಮನೆಗೆ ಬಂದಿರುತ್ತಿದ್ದೆ. ಪೇಪರಿನಲ್ಲಿ ಓದಿದ್ದನ್ನೆಲ್ಲ ಅವಳಿಗೆ ಹೇಳುತ್ತಿದ್ದೆ. ಅವಳು ಬೇಸರ ತೋರಿಸದೆ ಕೇಳುತ್ತಿದ್ದಳು. ಅವಳ ಅರ್ಧ ಗಂಟೆಯನ್ನು ನಾನು ತಿನ್ನುತ್ತಿದ್ದೇನೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಹಾಗಾಗಿ ಇದನ್ನು ಮಾಡಿ. ಒಂದು ಸಂಜೆ ಇಬ್ಬರೂ ಕೂತು, ಅವರ ದಿನ ಹೇಗೆ ನಡೆಯುತ್ತದೆ ಎಂದು ಬೆಳಗಿನಿಂದ ರಾತ್ರಿಯವರೆಗೆ ಕೇಳಿ. ನಡುವೆ ಸಲಹೆ ಕೊಡಬೇಡಿ. ಅವರಿಗೆ ಒಬ್ಬರೇ ಇರಬೇಕಾದ ಹೊತ್ತು ಯಾವುದು ಎಂದು ತಿಳಿದುಕೊಂಡು, ಆ ಹೊತ್ತಿಗೆ ನೀವು ಹೊರಗಿರಿ. ಮನೆಗೆಲಸದಲ್ಲಿ ಒಂದನ್ನು ಪೂರ್ತಿಯಾಗಿ ತೆಗೆದುಕೊಳ್ಳಿ. "ಸಹಾಯ ಮಾಡ್ತೀನಿ" ಅಂದರೆ ಅವರಿಗೆ ಇನ್ನೊಂದು ಕೆಲಸ ಹೆಚ್ಚಾಗುತ್ತದೆ, ನಿಮಗೆ ಹೇಳಿಕೊಡುವ ಕೆಲಸ. ನಾನು ಬೆಳಗಿನ ತಿಂಡಿ ತೆಗೆದುಕೊಂಡೆ. ಕುದಿಯುವ ನೀರಿಗೆ ಅಕ್ಕಿ ಹಿಟ್ಟು ಹಾಕಿ ಬೇಯಿಸಿ, ಬಿಸಿ ಆರುವ ಮೊದಲೇ ನಾದಿ ರೊಟ್ಟಿ ಲಟ್ಟಿಸುವುದನ್ನು ಕಲಿಯಲು ಒಂದು ತಿಂಗಳು ಹಿಡಿಯಿತು. ಈಗ ಅವಳು ಆರೂವರೆಗೆ ಏಳುತ್ತಾಳೆ. ಮದುವೆಯಾದಾಗಿನಿಂದ ಅವಳು ಅಷ್ಟು ಹೊತ್ತು ಮಲಗಿದ್ದನ್ನು ನಾನು ನೋಡಿರಲಿಲ್ಲ.

ಕೆಲಸದಿಂದ ನಿವೃತ್ತರಾದ ಹೆಣ್ಣುಮಕ್ಕಳ ಕಷ್ಟ ಇನ್ನೊಂದು ಥರ. ಅಮ್ಮ ಇನ್ನು ಮನೆಯಲ್ಲೇ ಇರುತ್ತಾರಲ್ಲ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಮೊಮ್ಮಗು ಹುಟ್ಟಿದರೆ ರೈಲು ಟಿಕೆಟ್ ಬುಕ್ ಆಗಿಯೇ ಬಿಡುತ್ತದೆ. ಅಲ್ಲಿ ಅವರು ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ, ಇಲ್ಲಿ ಗಂಡ ಒಬ್ಬರೇ. ಮೊಮ್ಮಕ್ಕಳ ಮೇಲಿನ ಪ್ರೀತಿ ದೊಡ್ಡದು, ನಿಜ. ಆದರೆ ಎಷ್ಟು ತಿಂಗಳು, ಇಬ್ಬರೂ ಹೋಗುವುದೋ ಒಬ್ಬರೋ, ಊರಿಗೆ ವಾಪಸ್ ಯಾವಾಗ ಎಂಬುದನ್ನು ಹೊರಡುವ ಮೊದಲೇ ಮಕ್ಕಳ ಜೊತೆ ಬಿಡಿಸಿ ಮಾತಾಡಿ. ಮಕ್ಕಳು ಇದನ್ನು ಅರ್ಥ ಮಾಡಿಕೊಳ್ಳುತ್ತಾರೆ.

ನಿಮಗಾಗಿ ಕಾಯುವವರನ್ನು ಹುಡುಕಿ

ಮೂರನೇ ತಿಂಗಳಿನಿಂದ ಈ ಕೆಲಸ ಶುರು ಮಾಡಿ. ನನ್ನ ಲೆಕ್ಕದಲ್ಲಿ ಒಳ್ಳೆಯ ಕೆಲಸಕ್ಕೆ ಗೊತ್ತಾದ ವಾರ ಇರಬೇಕು, ಗೊತ್ತಾದ ಗಂಟೆ ಇರಬೇಕು, ನೀವು ಹೋಗದಿದ್ದರೆ ಯಾರಿಗಾದರೂ ತೊಂದರೆ ಆಗಬೇಕು. ಅಧ್ಯಕ್ಷ, ಕಾರ್ಯದರ್ಶಿ ಎಂಬ ಹುದ್ದೆ ಬೇಡ. ಹುದ್ದೆ ಹಳೆಯ ಗಾಯವನ್ನೇ ಕೆರೆಯುತ್ತದೆ.

ನಮ್ಮ ಜಿಲ್ಲೆಯಲ್ಲಿ ಜಾಗಗಳಿಗೆ ಬರವಿಲ್ಲ. ಶಿವಮೊಗ್ಗದ ಕರ್ನಾಟಕ ಸಂಘ 1930ರಿಂದ ಇದೆ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನಾಟಕ ಸಂಸ್ಥೆ ನೀನಾಸಂ ಇದೆ. ತುಂಗೆಯ ದಡದ ಹೊಸಹಳ್ಳಿಯಲ್ಲಿ ಕಾವ್ಯವನ್ನು ರಾಗವಾಗಿ ಓದುವ ಗಮಕ ಇದೆ, ಎದುರಿನ ಮತ್ತೂರಿನಲ್ಲಿ ಸಂಸ್ಕೃತ ಇದೆ. ಊರೂರಿನಲ್ಲೂ ತಾಳಮದ್ದಳೆ, ಭಜನೆ ಇವೆ. ಹೋಗಿ, ಕೇಳಿ, ನೋಡಿ. ಆದರೆ ಪ್ರೇಕ್ಷಕರಾಗಿ ಹೋದವರಿಗೆ ಯಾರೂ ಕಾಯುವುದಿಲ್ಲ. ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲೇ ಹೋಗಿ ಕುರ್ಚಿ ಜೋಡಿಸುವವರಾಗಿ. ಮುಂದಿನ ಸಲ ನಿಮಗೇ ಫೋನ್ ಬರುತ್ತದೆ.

ನಾನು ಹಿಡಿದದ್ದು ಗಣಿತ. ಮನೆಯ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನು ಕೇಳಿ, ಎಸ್‌ಡಿಎಂಸಿಯವರ (ಶಾಲಾಭಿವೃದ್ಧಿ ಸಮಿತಿಯವರ) ಒಪ್ಪಿಗೆ ಪಡೆದು, ಮಂಗಳವಾರ ಮತ್ತು ಶುಕ್ರವಾರ ಶಾಲೆ ಬಿಟ್ಟ ಮೇಲೆ ಆರು ಮಕ್ಕಳಿಗೆ ಹತ್ತನೇ ಕ್ಲಾಸಿನ ಲೆಕ್ಕ ಹೇಳಿಕೊಡುತ್ತೇನೆ. ಒಂದು ಶುಕ್ರವಾರ ಜ್ವರ ಬಂದು ಹೋಗಲಿಲ್ಲ. ಮಂಗಳವಾರ ಒಬ್ಬಳು ಹುಡುಗಿ, "ಸರ್, ಶುಕ್ರವಾರ ನಾವು ಕಾಯ್ತಾ ಇದ್ವಿ" ಅಂದಳು. ನಿವೃತ್ತಿಯ ನಂತರ ನಾನು ಕೇಳಿದ ಅತಿ ಒಳ್ಳೆಯ ಮಾತು ಅದು. ಪಾಠ ಬಾರದವರು ಅಂಚೆ ಕಚೇರಿಯಲ್ಲಿ ಫಾರಂ ತುಂಬಿಕೊಡಬಹುದು. ಲೆಕ್ಕಪತ್ರ ಬಲ್ಲವರು ಸ್ವಸಹಾಯ ಸಂಘದ ಪುಸ್ತಕ ಬರೆದುಕೊಡಬಹುದು. ಮೊದಲು ವಾರಕ್ಕೆ ಎರಡು ದಿನ ಸಾಕು.

ತೋಟಕ್ಕೆ ವಾಪಸ್ ಹೋಗುವ ಆಸೆ

ಮಲೆನಾಡಿನವರಿಗೆಲ್ಲ ಈ ಆಸೆ ಇರುತ್ತದೆ. ರಿಟೈರ್ ಆದ ಮೇಲೆ ಊರಿಗೆ ಹೋಗಿ ಎರಡೆಕರೆ ಅಡಿಕೆ ನೋಡಿಕೊಂಡು ಇದ್ದುಬಿಡುವುದು. ತಪ್ಪೇನಿಲ್ಲ. ಪೇಟೆಯ ಮನೆ ಮಾರುವ ಮೊದಲು ಒಂದು ಮಳೆಗಾಲ ಪೂರ್ತಿ ಅಲ್ಲಿದ್ದು ನೋಡಿ ಎಂದಷ್ಟೇ ಹೇಳುತ್ತೇನೆ. ದೀಪಾವಳಿಗೂ ಮೇ ರಜೆಗೂ ಹೋದಾಗ ಕಾಣುವ ಊರು ಬೇರೆ. ಜುಲೈನಲ್ಲಿ ಮೂರು ದಿನ ಕರೆಂಟ್ ಇಲ್ಲದೆ, ಫೋನ್ ಸಿಗ್ನಲ್ ಇಲ್ಲದೆ, ಹೊಳೆ ತುಂಬಿ ಬಸ್ ನಿಂತಾಗ ಇರುವ ಊರು ಬೇರೆ.

ಅಡಿಕೆಯ ಕೊಳೆ ರೋಗಕ್ಕೆ ಮಳೆಗಾಲ ಹಿಡಿಯುವ ಮೊದಲು ಒಂದು ಸಲ, ಸುಮಾರು 40-45 ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೆಸಬೇಕು. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಇದು ಬರೆಯುವಷ್ಟು ಸುಲಭ. ಮರ ಹತ್ತುವವರು ಸಿಗುವುದು ಮಾತ್ರ ಬಹಳ ಕಷ್ಟ. ಮೊದಲ ವರ್ಷ ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟು, ತೋಟದಲ್ಲಿ ಸುಮ್ನೆ ಓಡಾಡಿ ಕೆಲಸ ಕಲಿಯಿರಿ. ಮನೆಯಿಂದ ಆಸ್ಪತ್ರೆಗೆ ರಾತ್ರಿ ಹೊತ್ತು ಎಷ್ಟು ನಿಮಿಷ ಬೇಕು ಎಂದು ಒಮ್ಮೆ ಹೋಗಿಯೇ ನೋಡಿ.

ಕಾಡಿನ ಅಂಚಿನ ಊರಾದರೆ ಮಂಗನ ಕಾಯಿಲೆಯ ನೆನಪಿರಲಿ. 1957ರಲ್ಲಿ ಇದು ಮೊದಲು ಗೊತ್ತಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ಇದನ್ನು ಹರಡುವ ಉಣುಗಿನ (ಉಣ್ಣೆ ಹುಳದ) ಕಾಟ ಜಾಸ್ತಿ. ಆಗ ತರಗೆಲೆಗೆ, ಕಟ್ಟಿಗೆಗೆ ಕಾಡಿಗೆ ಹೋಗುವುದಾದರೆ ಮೈ ತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಮಂಗ ಸತ್ತಿದ್ದು ಕಂಡರೆ ಮುಟ್ಟದೆ ಆಸ್ಪತ್ರೆಗೆ ತಿಳಿಸಿ. ಜ್ವರ ಬಂದರೆ ಕಷಾಯ ಕುಡಿದು ಕಾಯಬೇಡಿ.

ಮನಸ್ಸು ಕುಗ್ಗಿದರೆ

ಬಿಪಿ, ಶುಗರ್, ಕಣ್ಣು, ಕಿವಿ ಇವನ್ನು ಪರೀಕ್ಷೆ ಮಾಡಿಸಬೇಕೆಂದು ಎಲ್ಲರಿಗೂ ಗೊತ್ತು. ಎರಡು ವಾರಕ್ಕೂ ಜಾಸ್ತಿ ನಿದ್ದೆ ಬಾರದಿದ್ದರೆ, ಊಟ ಬೇಡವಾದರೆ, ನಾನು ಯಾರಿಗೂ ಬೇಡ ಅನ್ನಿಸುತ್ತಲೇ ಇದ್ದರೆ ಅದಕ್ಕೂ ಡಾಕ್ಟರ್ ಇದ್ದಾರೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416, ಹಿರಿಯರ ಸಹಾಯವಾಣಿ 14567. ಎರಡಕ್ಕೂ ಹಣ ಕೊಡಬೇಕಿಲ್ಲ.

ಕೊನೆಯದಾಗಿ ಲೈಫ್ ಸರ್ಟಿಫಿಕೇಟ್. ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಎಂದು ತೋರಿಸಬೇಕು. ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಈಗ ಮೊಬೈಲ್ ಕ್ಯಾಮೆರಾಕ್ಕೆ ಮುಖ ತೋರಿಸಿದರೂ ಆಗುತ್ತದೆ. ನಮ್ಮ ಬೀದಿಯಲ್ಲಿ ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದ ಹಿರಿಯರೊಬ್ಬರಿದ್ದಾರೆ. ಕೆಲಸ ಮಾಡಿ ಮಾಡಿ ಬೆರಳಿನ ಗೆರೆ ಸವೆದುಹೋಗಿ, ಯಂತ್ರ ಅವರ ಬೆರಳಚ್ಚನ್ನು ಒಪ್ಪುತ್ತಿರಲಿಲ್ಲ. ಪ್ರತಿ ವರ್ಷ ಅವರಿಗೆ ಇದೇ ಚಿಂತೆ. ಹೋದ ನವೆಂಬರಿನಲ್ಲಿ ನನ್ನದನ್ನು ಮುಗಿಸಿಕೊಂಡು, ಅದೇ ಮೊಬೈಲ್ ಹಿಡಿದು ಅವರ ಮನೆಗೆ ಹೋದೆ. ಜಗಲಿಯ ಬೆಳಕಿನಲ್ಲಿ ಕೂರಿಸಿ, ಕಣ್ಣು ಮಿಟುಕಿಸಿ ಅಂದೆ. ಐದು ನಿಮಿಷದಲ್ಲಿ ಕೆಲಸ ಆಯಿತು. "ಮುಂದಿನ ವರ್ಷನೂ ಬರ್ತೀರಲ್ಲ ಮೇಷ್ಟ್ರೇ?" ಎಂದು ಕೇಳಿದರು. ತಾರೀಖನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದೆ.